ತಕ್ಕಡಿ ಹಿಡಿದು ಬಂದ ತೊಮೆ ಪೀರೆಸ್

ನಮ್ಮ ಕರಾವಳಿಯ ಬೇಲೆಕೇರಿ ಎಂದರೆ ಈಗ ಅದಿರಿನ ನೆನಪು. ಜಪ್ತಿ ಮಾಡಿಟ್ಟಿದ್ದ ಕಬ್ಬಿಣದ ಅದಿರು 2010ರಲ್ಲಿ ಬಂದರಿನಿಂದಲೇ ಮಾಯವಾದದ್ದು ಊರಿನ ಹೆಸರಿಗೆ ಅಂಟಿಕೊಂಡಿದೆ. ಬಂದರಿಗೆ ಬಂದದ್ದೆಷ್ಟು, ಹೋದದ್ದೆಷ್ಟು, ಅಸಲಿ ಯಾವುದು, ಬೆರಕೆ ಯಾವುದು ಎಂದು ನೋಡಲು ಐನೂರು ವರ್ಷಗಳ ಹಿಂದೆ ಪೋರ್ಚುಗೀಸರು ಈ ಕಡಲಿಗೆ ಕಳಿಸಿದ್ದು ಔಷಧ ಅರೆಯುವ ಕಸುಬಿನವನನ್ನು. ಹೆಸರು ತೊಮೆ ಪೀರೆಸ್.

ಅವನಪ್ಪ ಪೋರ್ಚುಗಲ್ಲಿನ ದೊರೆ ಎರಡನೆಯ ಜೊವಾನನಿಗೆ ಔಷಧಗಾರ. ಇವನು ಯುವರಾಜ ಅಫೊನ್ಸೊನಿಗೆ. ಯುವರಾಜ 1491ರಲ್ಲಿ ಕುದುರೆಯಿಂದ ಬಿದ್ದು ಸತ್ತ. ಅದಕ್ಕೆ ಯಾವ ಮದ್ದೂ ಇರಲಿಲ್ಲ. ಆ ಕಾಲದ ಔಷಧಗಾರನ ಮಳಿಗೆ ನಮ್ಮ ಗ್ರಂಥಿಗೆ ಅಂಗಡಿಯಂತೆ. ಬೇರು, ತೊಗಟೆ, ಅಂಟುಗಳನ್ನು ಮುರಿದು, ಮೂಸಿ, ನಾಲಿಗೆಗೆ ಮುಟ್ಟಿಸಿ ಗುಣ ಹೇಳಬೇಕು. ಮೆಣಸು, ಶುಂಠಿ, ಲವಂಗಗಳೂ ಅಲ್ಲಿ ಮದ್ದೇ. ರಸಾಯನಶಾಸ್ತ್ರ ಬೇರೆಯಾಗಿ ನಿಲ್ಲುವ ಮೊದಲು ಕಾಸುವ, ಸೋಸುವ, ಬಟ್ಟಿ ಇಳಿಸುವ ವಿದ್ಯೆ ಬೆಳೆದದ್ದೂ ಬಹುಮಟ್ಟಿಗೆ ಇಂಥವರ ಒಲೆಯ ಮೇಲೆ.

1511ರಲ್ಲಿ ಪೀರೆಸ್ ಭಾರತಕ್ಕೆ ಬಂದ. ಮೊದಲು ಕಣ್ಣೂರಿನಲ್ಲಿದ್ದ. ಮರುವರ್ಷ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್ ಅವನನ್ನು ಮಲಕ್ಕಾಕ್ಕೆ ಅಟ್ಟಿದ. ಅಲ್ಲಿ ಲೆಕ್ಕ ಬರೆಯುವುದು, ಔಷಧ ಸರಕಿನ ಮೇಲ್ವಿಚಾರಣೆ ಎರಡೂ ಅವನದೇ. 1513ರಲ್ಲಿ ಜಾವಾಕ್ಕೆ ಹೋಗಿ ಲವಂಗ ತುಂಬಿಸಿಕೊಂಡು ಬಂದ. ಈ ನಡುವೆಯೇ ‘ಸುಮಾ ಓರಿಯೆಂಟಲ್’ ಬರೆದ. ಕೆಂಪು ಸಮುದ್ರದಿಂದ ಚೀನಾದವರೆಗಿನ ಬಂದರುಗಳ ವರದಿ ಅದು. ವಿಜಯನಗರದ ಅಧೀನದಲ್ಲಿದ್ದ ಹೊನ್ನಾವರ, ಭಟ್ಕಳದ ನಮ್ಮ ಕರಾವಳಿಯೂ ಅದರಲ್ಲಿದೆ. ಅದ್ಭುತ ಕಥೆಗಳಿಗೆ ಬಾಯಿಬಿಡುವ ಪ್ರವಾಸಿಯ ಧಾಟಿ ಇಲ್ಲಿ ಕಡಿಮೆ. ಯಾವ ಊರಲ್ಲಿ ಏನು ಬೆಳೆಯುತ್ತದೆ, ಯಾವುದಕ್ಕೆ ಗಿರಾಕಿಯಿದೆ, ಸುಂಕವೇನು ಎಂಬುದರ ಮೇಲೇ ಅವನ ಕಣ್ಣು. ನನಗೆ ಇಷ್ಟವಾಗುವುದು ಈ ಒಣ ನಿಷ್ಠುರತೆಯೇ.

1516ರ ಜನವರಿ 27ರಂದು ಕೊಚ್ಚಿಯಿಂದ ದೊರೆ ಮನುಯೆಲ್‌ಗೆ ಬರೆದ ಪತ್ರದಲ್ಲಂತೂ ಪೂರಾ ಔಷಧಗಾರನೇ ಮಾತಾಡುತ್ತಾನೆ. ರೇವಲ್ಚಿನ್ನಿ, ಅಫೀಮು, ಹುಣಸೆ, ಅಳಲೆಕಾಯಿ ಇತ್ಯಾದಿಗಳ ನೆಲೆ ಯಾವುದೆಂದು ಒಂದೊಂದಾಗಿ ತಿಳಿಸುತ್ತಾನೆ. ಆದರೆ ಬಂದರಿಗೆ ಇಳಿಯದ ಮದ್ದು ಅವನ ಲೆಕ್ಕಕ್ಕೆ ಸಿಗುವಂತಿರಲಿಲ್ಲ. ಬೇಲೆಕೇರಿ ಇರುವ ಅಂಕೋಲಾ ತಾಲ್ಲೂಕಿನದೇ ಬೆಳಂಬಾರಕ್ಕೆ ಪಾರ್ಶ್ವವಾಯುವಿನ ನಾಟಿ ಔಷಧ ಹುಡುಕಿಕೊಂಡು ಜನ ದೂರದಿಂದ ಬರುತ್ತಾರೆ. ಕೈಯಿಂದ ಕೈಗೆ ದಾಟುವ ಅಂಥ ತಿಳಿವಳಿಕೆ ತಕ್ಕಡಿಗೇರುವ ಸರಕಲ್ಲ.

ಊರಿಗೆ ಮರಳುವ ತಯಾರಿಯಲ್ಲಿದ್ದವನನ್ನು ಚೀನಾಕ್ಕೆ ಪೋರ್ಚುಗಲ್ಲಿನ ಮೊದಲ ರಾಯಭಾರಿಯಾಗಿ ಕಳಿಸಿದರು. 1517ರಲ್ಲಿ ಕ್ಯಾಂಟನ್ ತಲುಪಿದ. ಬೀಜಿಂಗಿಗೆ ಹೊರಡಲು 1520 ಬರಬೇಕಾಯಿತು. ಮರುವರ್ಷ ಚಕ್ರವರ್ತಿ ತೀರಿಕೊಂಡ, ರಾಯಭಾರವೂ ಮುರಿದುಬಿತ್ತು. ಪೀರೆಸ್ ಕೈದಿಯಾಗಿ ಕ್ಯಾಂಟನ್ನಿಗೆ ಮರಳಿದ. 1524ರಲ್ಲಿ ಸತ್ತನೆಂದು ಸಂಗಡಿಗನ ಪತ್ರ ಹೇಳುತ್ತದೆ. ಆಮೇಲೂ ಬಹಳ ವರ್ಷ ಬದುಕಿದ್ದನೆಂಬ ಮಾತೂ ಇದೆ.

1550ರಲ್ಲಿ ವೆನಿಸ್‌ನ ರಾಮೂಸಿಯೊ ಅವನ ಬರಹದ ಒಂದು ಭಾಗ ಅಚ್ಚು ಹಾಕಿಸಿದ, ಲೇಖಕನ ಹೆಸರಿಲ್ಲದೆ. ಇಡೀ ಹಸ್ತಪ್ರತಿ ಪೋರ್ಚುಗೀಸ್ ಇತಿಹಾಸಕಾರ ಅರ್ಮಾಂದೊ ಕೊರ್ತೆಸಾವ್ ಅವರಿಗೆ ಸಿಕ್ಕಿದ್ದು 1937ರಲ್ಲಿ, ಪ್ಯಾರಿಸ್ಸಿನ ಸಂಸತ್ ಗ್ರಂಥಾಲಯದಲ್ಲಿ. 1944ರಲ್ಲಿ ಅದು ಇಂಗ್ಲಿಷ್ ಅನುವಾದದೊಡನೆ ಹೊರಬಂತು, ಪೀರೆಸ್‌ನ ಹೆಸರಿನಲ್ಲೇ.