‘ನಿನ್ನೆ ಬಂದಿದ್ದೇನೆ’ ಇಂಗ್ಲಿಷಿಗೆ ಯಾಕೆ ಒಗ್ಗದು?

ಪ್ರಶ್ನೆ: ಅತ್ತಿವೇರಿ ಪಕ್ಷಿಧಾಮ ನೋಡಿ ಬಂದು ಅರಣ್ಯ ಇಲಾಖೆಗೆ ಇಂಗ್ಲಿಷಿನಲ್ಲಿ ಇ-ಮೇಲ್ ಬರೆದೆ. ‘ಐ ಹ್ಯಾವ್ ವಿಸಿಟೆಡ್ ಯೆಸ್ಟರ್‌ಡೇ’ ಎಂದದ್ದನ್ನು ಮಗಳು ತಿದ್ದಿದಳು. ತಪ್ಪೇನು?
—ಓದುಗರೊಬ್ಬರು, ಮುಂಡಗೋಡ

ಉತ್ತರ: ನೀವು ಕನ್ನಡದಲ್ಲಿ ಯೋಚಿಸಿದ್ದೀರಿ, ಅಷ್ಟೇ. ‘ನಿನ್ನೆಯೇ ಅರ್ಜಿ ಕೊಟ್ಟಿದ್ದೇನೆ’ ಎಂದರೆ ನಮ್ಮಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಇಂಗ್ಲಿಷಿನ ‘ಹ್ಯಾವ್’ ರೂಪಕ್ಕೆ ಮಾತ್ರ ಮುಗಿದುಹೋದ ಹೊತ್ತಿನ ಹೆಸರು ಕೂಡಿಬರದು. ‘ನಿನ್ನೆ’ ಎಂದಿರೋ, ಬರೀ ‘ವಿಸಿಟೆಡ್’ ಸಾಕು. ದಿನ ಹೇಳದೆ ‘ನೋಡಿದ್ದೇನೆ’ ಎನ್ನುವುದಾದರೆ ‘ಹ್ಯಾವ್’ ಇರಲಿ. ಸ್ಪೇನಿನವರೂ ಇಲ್ಲೇ ಎಡವುತ್ತಾರೆ: ಬೆಳಿಗ್ಗೆ ಕಳಿಸಿದ ಪತ್ರದ ಬಗ್ಗೆ ಸಂಜೆ ಹೇಳುವಾಗಲೂ ‘ಎ ಎನ್ವಿಯಾದೊ’, ಅಂದರೆ ‘ಕಳಿಸಿದ್ದೇನೆ’, ಅನ್ನುವುದು ಅವರ ವಾಡಿಕೆ.

‘ದಿನಾ ಬರುತ್ತೇನೆ’, ‘ನಾಳೆ ಬರುತ್ತೇನೆ’ ಎರಡಕ್ಕೂ ನಮಗೆ ಒಂದೇ ರೂಪ. ಇಂಗ್ಲಿಷಿನಲ್ಲಿ ನಾಳೆಯ ಮಾತಿಗೆ ‘ವಿಲ್’ ಸೇರಿಸಲು ನಾವು ಮರೆಯುವುದು ಅದಕ್ಕೇ.

ನನಗೆ ಸೋಜಿಗವೆನಿಸುವುದು ಬೇರೆ. ನಾವು ವಿನಯಕ್ಕೆ ‘ತಾವು’ ಅನ್ನುತ್ತೇವೆ. ಇಂಗ್ಲಿಷರು ಭೂತಕಾಲಕ್ಕೆ ಹೋಗುತ್ತಾರೆ. ‘ಐ ವಾಸ್ ವಂಡರಿಂಗ್’ ಎಂದು ಬರೆದವರು ಕೇಳುತ್ತಿರುವುದು ಈಗಲೇ! ಇಲಾಖೆಗೆ ಬರೆಯುವಾಗ ಅದು ಒಳ್ಳೆಯ ಆರಂಭ. ನಮ್ಮ ಕಚೇರಿಗಳ ಅಚ್ಚುಮೆಚ್ಚಿನ ‘ಡು ದ ನೀಡ್‌ಫುಲ್’ ಬಿಟ್ಟು, ಏನು ಬೇಕೋ ಅದನ್ನೇ ಬರೆಯಿರಿ: ಹಕ್ಕಿಗಳು ಯಾವ ತಿಂಗಳು ಹೆಚ್ಚು ಬರುತ್ತವೆ?