ಬಾಚಿಹಲ್ಲುಗಳ ನಡುವಿನ ಸಂದು: ಕಾಯಬೇಕಾದದ್ದು, ಕಾಯಬಾರದ್ದು

ಮೇಲಿನ ಎರಡು ಬಾಚಿಹಲ್ಲುಗಳ ನಡುವೆ ಸಂದು ಇದ್ದರೆ ಅದೃಷ್ಟವೆನ್ನುವವರಿದ್ದಾರೆ. ಮಗಳ ಮದುವೆಯ ಮಾತುಕತೆ ಬಂದಾಗ ಅದನ್ನೇ ಮುಚ್ಚಿಸಲು ಅವಸರಪಡುವವರೂ ಬಹುಮಟ್ಟಿಗೆ ಅವರೇ. ದಂತವೈದ್ಯಶಾಸ್ತ್ರದಲ್ಲಿ ‘ಡಯಾಸ್ಟೆಮಾ’ ಎಂದು ಕರೆಯಲಾಗುವ ಈ ಸಂದು ಸ್ವತಃ ರೋಗವಲ್ಲ. ಕೆಲವೊಮ್ಮೆ ರೋಗದ ಲಕ್ಷಣ ಮಾತ್ರ. ಕೊಳಗಲ್ಲು, ಕುರುಗೋಡು, ಸಿರುಗುಪ್ಪ ಕಡೆಯ ಕೂಲಿಕಾರ ಕುಟುಂಬಕ್ಕೆ ಬಳ್ಳಾರಿಗೆ ಹೋಗಿಬರುವುದೆಂದರೆ ಒಂದು ದಿನದ ದುಡಿಮೆ ಬಿಟ್ಟಂತೆ. ಯಾವ ಸಂದಿಗೆ ಓಡಬೇಕು, ಯಾವುದಕ್ಕೆ ಬೇಡ ಎಂಬುದನ್ನು ಅರಿತಿರುವುದು ಲೇಸು.

ಏಳೆಂಟು ವರ್ಷದ ಮಗುವಿನಲ್ಲಿ ಹೊಸ ಬಾಚಿಹಲ್ಲುಗಳು ಬೀಸಣಿಗೆಯಂತೆ ಅಗಲಿ ಹುಟ್ಟುವುದು ಸಹಜ. ಹನ್ನೊಂದು ಹನ್ನೆರಡನೆಯ ವಯಸ್ಸಿನಲ್ಲಿ ಕೋರೆಹಲ್ಲುಗಳು ಇಳಿಯುವಾಗ ಅವುಗಳ ಒತ್ತಡದಿಂದಲೇ ಬಾಚಿಹಲ್ಲುಗಳು ಸಮೀಪಿಸುತ್ತವೆ. 2 ಮಿಲಿಮೀಟರ್‌ಗಿಂತ ಕಡಿಮೆ ಇರುವ ಸಂದು ಹೀಗೆ ತಾನಾಗಿಯೇ ಮುಚ್ಚಿಕೊಳ್ಳುವ ಸಂಭವ ಹೆಚ್ಚು. ಇದಕ್ಕಿಂತ ಅಗಲವಾಗಿದ್ದರೆ ಕಾರಣವನ್ನು ಹುಡುಕಬೇಕಾಗುತ್ತದೆ. ಮೇಲ್ತುಟಿಯನ್ನು ವಸಡಿಗೆ ಜೋಡಿಸುವ ಪಟ್ಟಿ ದಪ್ಪನಾಗಿ ಹಲ್ಲುಗಳ ನಡುವೆ ಇಳಿದಿರಬಹುದು. ದವಡೆಯೊಳಗೆ ಹೆಚ್ಚುವರಿ ಹಲ್ಲೊಂದು ಅಡಗಿರಬಹುದು. ಪಕ್ಕದ ಹಲ್ಲು ಹುಟ್ಟದೇ ಇರಬಹುದು ಅಥವಾ ಮೊಳೆಯಂತೆ ಸಣ್ಣದಾಗಿರಬಹುದು. ಹೆಬ್ಬೆರಳು ಚೀಪುವುದು, ನುಂಗುವಾಗ ನಾಲಗೆಯಿಂದ ಹಲ್ಲನ್ನು ತಳ್ಳುವುದೂ ಕಾರಣಗಳೇ. ಅಡಗಿದ ಹಲ್ಲು ಎಕ್ಸ್‌ರೇಯಿಂದಲ್ಲದೆ ಕಾಣದು.

ಮನೆಯಲ್ಲೇ ಎರಡು ಹಲ್ಲುಗಳಿಗೆ ರಬ್ಬರ್ ಬ್ಯಾಂಡ್ ಸುತ್ತಿ ಸಂದು ಮುಚ್ಚಲು ಯತ್ನಿಸುವುದು ಅತ್ಯಂತ ಅಪಾಯಕಾರಿ. ಹಲ್ಲಿನ ಆಕಾರ ಬುಡದ ಕಡೆಗೆ ಕಿರಿದಾಗುವುದರಿಂದ ಬ್ಯಾಂಡ್ ಜಾರಿ ವಸಡಿನೊಳಗೆ ಸೇರಿ, ಬೇರಿನ ಸುತ್ತಲ ಮೂಳೆಯನ್ನು ನಾಶಪಡಿಸುತ್ತದೆ. ಹೊರಗೆ ಏನೂ ಕಾಣದಿದ್ದರೂ ಆರೋಗ್ಯವಂತ ಹಲ್ಲುಗಳೇ ಸಡಿಲಗೊಂಡು ಉದುರಿದ ಪ್ರಸಂಗಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ.

ಬಾಲ್ಯದಿಂದ ಇರುವ ಸಂದಿಗಿಂತ, ನಲವತ್ತು ದಾಟಿದ ಮೇಲೆ ಹೊಸದಾಗಿ ಮೂಡುವ ಸಂದಿನ ಬಗ್ಗೆ ಹೆಚ್ಚು ಎಚ್ಚರ ಅಗತ್ಯ. ವಸಡಿನ ರೋಗದಿಂದ ಮೂಳೆ ಸವೆದಾಗ ಮುಂದಿನ ಹಲ್ಲುಗಳು ಹೊರಚಾಚಿ ಅಗಲುತ್ತವೆ. ತಂಬಾಕು ಸೇವನೆ ಮತ್ತು ಹತೋಟಿಯಲ್ಲಿರದ ಮಧುಮೇಹ ಇದನ್ನು ಉಲ್ಬಣಗೊಳಿಸುತ್ತವೆ. ನೋವಿಲ್ಲವೆಂಬ ಕಾರಣಕ್ಕೆ ಜನರು ಇದನ್ನು ಅಲಕ್ಷಿಸುತ್ತಾರೆ. ಇಂಥ ಸಂದನ್ನು ವಸಡಿಗೆ ಚಿಕಿತ್ಸೆ ನೀಡದೆ ಕೇವಲ ಮುಚ್ಚಿಸಿದರೆ ಅಂದದ ಹಲ್ಲು ಅಲುಗಾಡುತ್ತಲೇ ಇರುತ್ತದೆ.

ಚಿಕಿತ್ಸೆ ಕಾರಣವನ್ನು ಅನುಸರಿಸುತ್ತದೆ. ಹಲ್ಲಿನ ಬಣ್ಣದ ಕಾಂಪೋಸಿಟ್ ಲೇಪಿಸಿ ಸಂದು ತುಂಬುವುದು ಸಾಮಾನ್ಯವಾಗಿ ಒಂದೇ ಭೇಟಿಯ ಕೆಲಸ. ಆದರೆ ಕೆಲವು ವರ್ಷಗಳಲ್ಲಿ ಕಲೆ ಹಿಡಿಯುತ್ತದೆ, ಅಂಚು ಮುರಿಯಬಹುದು. ಪಿಂಗಾಣಿಯ ವಿನೀರ್ ಬಹುಕಾಲ ಬಾಳುತ್ತದೆಯಾದರೂ ಅದಕ್ಕಾಗಿ ಸಾಮಾನ್ಯವಾಗಿ ಕೆರೆದು ತೆಗೆಯುವ ಎನಾಮೆಲ್ ಮತ್ತೆ ಬೆಳೆಯದು. ತಂತಿ ಅಥವಾ ಪಾರದರ್ಶಕ ಅಲೈನರ್‌ಗಳಿಂದ ಹಲ್ಲುಗಳನ್ನು ಸರಿಸಲು ತಿಂಗಳುಗಳೇ ಬೇಕು. ಬಾಚಿಹಲ್ಲುಗಳ ಸಂದು ಮತ್ತೆ ತೆರೆದುಕೊಳ್ಳುವ ಸ್ವಭಾವದ್ದು. ಆದ್ದರಿಂದ ಹಲ್ಲಿನ ಹಿಂಬದಿಗೆ ಸಣ್ಣ ತಂತಿಯನ್ನು ಅಂಟಿಸಿ ವರ್ಷಗಟ್ಟಲೆ ಉಳಿಸುತ್ತಾರೆ. ತುಟಿಪಟ್ಟಿಯ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಹಲ್ಲು ಸರಿಸಿದ ನಂತರವೇ ಕೈಗೊಳ್ಳುವುದು ವಾಡಿಕೆ. ಮೊದಲೇ ಕತ್ತರಿಸಿದರೆ ಗಾಯದ ಗಟ್ಟಿ ಅಂಗಾಂಶವೇ ಹಲ್ಲುಗಳಿಗೆ ಅಡ್ಡಿಯಾಗಬಹುದು.

ಬಳ್ಳಾರಿ ಜಿಲ್ಲೆಯವರು ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಇಲ್ಲಿನ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿ ಮೀರಿದ್ದು, ಹಲ್ಲುಗಳ ಮೇಲೆ ಕಂದು ಕಲೆಗಳು ಮೂಡುತ್ತವೆ. ಫ್ಲೋರೈಡ್ ಸಂದಿಗೆ ಕಾರಣವಲ್ಲ. ಆದರೆ ಅದರಿಂದ ತೀವ್ರವಾಗಿ ಹಾನಿಗೊಂಡ ಎನಾಮೆಲ್‌ಗೆ ಕಾಂಪೋಸಿಟ್ ಸುಲಭವಾಗಿ ಅಂಟುವುದಿಲ್ಲ. ವೈದ್ಯರು ಮೇಲ್ಪದರವನ್ನು ಹೆಚ್ಚು ಸಿದ್ಧಪಡಿಸಬೇಕಾಗುತ್ತದೆ. ಕಲೆ ಮತ್ತು ಸಂದು ಎರಡೂ ಇರುವವರು ಕುಡಿಯುವ ನೀರಿನ ಮೂಲ ಯಾವುದೆಂದು ಮೊದಲ ಭೇಟಿಯಲ್ಲೇ ತಿಳಿಸುವುದು ಒಳಿತು. ಬಳ್ಳಾರಿಯಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇರುವುದರಿಂದ ವಸಡಿನ ತಪಾಸಣೆ, ಎಕ್ಸ್‌ರೇ, ತಂತಿ ಚಿಕಿತ್ಸೆಯ ಸಲಹೆಗಳಿಗೆ ದೂರದ ನಗರಗಳಿಗೆ ಅಲೆಯಬೇಕಾಗಿಲ್ಲ.