ಹಾರ್ಡ್ ಡಿಸ್ಕ್ ಆನ್‌ಲೈನಿನಲ್ಲಿ ಕೊಂಡಾಗ ವಾರಂಟಿ ನೋಡುವ ಬಗೆ

ಹಾರ್ಡ್ ಡಿಸ್ಕಿನ ವಾರಂಟಿ ಅದರ ಮೈಮೇಲಿರುವ ಸೀರಿಯಲ್ ನಂಬರಿಗೆ ಅಂಟಿಕೊಂಡಿರುತ್ತದೆ. ಕಾರ್ಖಾನೆಯಿಂದ ಹೊರಬೀಳುವ ಪ್ರತಿ ಡಿಸ್ಕಿಗೂ ಅದರದೇ ಒಂದು ನಂಬರು. ಆ ಡಿಸ್ಕು ಯಾವ ದೇಶದ ಮಾರುಕಟ್ಟೆಗೆ ಹೋಯಿತು, ಚಿಲ್ಲರೆ ಮಾರಾಟಕ್ಕೆ ಹೋಯಿತೋ ಕಂಪ್ಯೂಟರ್ ತಯಾರಿಸುವವರಿಗೆ ಹೋಯಿತೋ, ಯಾವಾಗ ಹೊರಟಿತು, ಕಂಪನಿ ಎಷ್ಟು ವರ್ಷ ಹೊಣೆ ಹೊತ್ತಿದೆ ಎಂಬುದೆಲ್ಲ ಕಂಪನಿಯ ಲೆಕ್ಕದಲ್ಲಿ ಆ ನಂಬರಿನ ಎದುರಿಗೆ ದಾಖಲಾಗಿರುತ್ತದೆ. ಇಂದು ಜಗತ್ತಿನಲ್ಲಿ ಹಾರ್ಡ್ ಡಿಸ್ಕ್ ತಯಾರಿಸುವ ಕಂಪನಿಗಳು ಮೂರೇ: ಸೀಗೇಟ್, ವೆಸ್ಟರ್ನ್ ಡಿಜಿಟಲ್ ಮತ್ತು ತೋಷಿಬಾ. ಸೀರಿಯಲ್ ನಂಬರು ಕೊಟ್ಟರೆ ವಾರಂಟಿಯ ಸ್ಥಿತಿ ತೋರಿಸುವ ಪುಟ ಇವುಗಳ ಜಾಲತಾಣದಲ್ಲಿರುತ್ತದೆ. ನೋಡಲು ಎರಡು ನಿಮಿಷ ಸಾಕು. ಆದರೂ ಹೆಚ್ಚಿನವರು ಅಲ್ಲಿಗೆ ಹೋಗುವುದು ಡಿಸ್ಕು ಕೆಟ್ಟು ಕೂತ ಮೇಲೆ, ಅಂದರೆ ವರ್ಷವೋ ಎರಡು ವರ್ಷವೋ ಕಳೆದ ಮೇಲೆ. ಆನ್‌ಲೈನಿನಲ್ಲಿ ಕೊಂಡ ಡಿಸ್ಕಿಗೆ ಈ ಪರೀಕ್ಷೆ ಆಗಬೇಕಾದದ್ದು ಪಾರ್ಸೆಲ್ ಬಂದ ದಿನವೇ. ಸರಕು ವಾಪಸ್ ಕೊಡಲು ಜಾಲತಾಣಗಳು ನೀಡುವ ಗಡುವು ಕೆಲವೇ ದಿನಗಳದ್ದು. ಅದು ಮುಗಿದ ಮೇಲೆ ತೊಡಕು ಗೊತ್ತಾದರೆ ಸುಲಭದ ದಾರಿ ಮುಚ್ಚಿಹೋಗಿರುತ್ತದೆ.

ಆನ್‌ಲೈನ್ ಖರೀದಿಗೆ ಇಷ್ಟು ಎಚ್ಚರ ಬೇಕಾಗುವುದು ಅಲ್ಲಿನ ವ್ಯಾಪಾರದ ರೀತಿಯಿಂದ. ಜಾಲತಾಣದಲ್ಲಿ ಒಂದು ಡಿಸ್ಕಿಗೆ ಒಂದೇ ಪುಟ, ಒಂದೇ ಚಿತ್ರ, ಒಂದೇ ವಿವರಣೆ. ಮಾರುವವರು ಮಾತ್ರ ಐದಾರು ಮಂದಿ ಇರಬಹುದು. ಅವರಲ್ಲಿ ಒಬ್ಬರು ಅಧಿಕೃತ ವಿತರಕರಿಂದ ಮಾಲು ತಂದವರು, ಇನ್ನೊಬ್ಬರು ಹೊರದೇಶದ ಮಾರುಕಟ್ಟೆಗೆಂದು ಹೊರಟ ಸರಕನ್ನು ಸಗಟಿನಲ್ಲಿ ತರಿಸಿದವರು, ಮತ್ತೊಬ್ಬರು ಕಂಪ್ಯೂಟರ್ ಜೋಡಿಸುವ ಕಂಪನಿಗಳಲ್ಲಿ ಮಿಕ್ಕ ಡಿಸ್ಕುಗಳನ್ನು ಕೊಂಡವರು. ಬೆಲೆಯಲ್ಲಿ ಐನೂರು, ಸಾವಿರ ರೂಪಾಯಿಯ ವ್ಯತ್ಯಾಸ ಕಂಡರೆ ಕಾರಣ ಬಹಳ ಸಲ ಇಲ್ಲಿರುತ್ತದೆ. ಪುಟದ ಮೇಲೆ ‘3 ವರ್ಷ ವಾರಂಟಿ’ ಎಂದು ಬರೆದಿದ್ದರೂ ಅದು ತಯಾರಕರ ವಾರಂಟಿಯೋ ಮಾರುವವನು ತಾನೇ ಕೊಡುವ ವಾರಂಟಿಯೋ ಎಂಬುದನ್ನು ಬೇರೆಯಾಗಿಯೇ ಓದಿಕೊಳ್ಳಬೇಕು. ಎರಡನೆಯದಾದರೆ ಆ ಭರವಸೆಗೆ ಆಯಸ್ಸು ಆ ಅಂಗಡಿ ಇರುವಷ್ಟು ದಿನ ಮಾತ್ರ.

ವಾರಂಟಿಯ ಅವಧಿಯೂ ಯಾವಾಗಲೂ ಒಂದೇ ಆಗಿರಲಿಲ್ಲ. 2002ರ ಅಕ್ಟೋಬರಿನಲ್ಲಿ ಸೀಗೇಟ್, ವೆಸ್ಟರ್ನ್ ಡಿಜಿಟಲ್ ಮತ್ತು ಆಗಿನ್ನೂ ಸ್ವತಂತ್ರವಾಗಿದ್ದ ಮ್ಯಾಕ್ಸ್‌ಟರ್ ಕಂಪನಿಗಳು ಮನೆ ಬಳಕೆಯ ಅನೇಕ ಡಿಸ್ಕುಗಳ ವಾರಂಟಿಯನ್ನು ಮೂರು ವರ್ಷದಿಂದ ಒಂದಕ್ಕೆ ಇಳಿಸಿದವು. 2004ರಲ್ಲಿ ಸೀಗೇಟ್ ಅದನ್ನು ಐದು ವರ್ಷಕ್ಕೆ ಏರಿಸಿತು. 2011ರಲ್ಲಿ ಥಾಯ್ಲೆಂಡಿನಲ್ಲಿ ಮಹಾಪ್ರವಾಹ ಬಂದು ಅಯುತ್ಥಯಾ ಪ್ರಾಂತ್ಯದ ಕೈಗಾರಿಕಾ ಪ್ರದೇಶಗಳು ಮುಳುಗಿದಾಗ ವೆಸ್ಟರ್ನ್ ಡಿಜಿಟಲ್‌ನ ಕಾರ್ಖಾನೆಯೊಳಗೂ ನೀರು ನುಗ್ಗಿತು. ಜಗತ್ತಿನಾದ್ಯಂತ ಡಿಸ್ಕುಗಳ ಅಭಾವವಾಗಿ ಬೆಲೆ ಏರಿತು. ಆ ವರ್ಷಾಂತ್ಯದಲ್ಲಿ ಸೀಗೇಟ್ ತನ್ನ ಬರಾಕುಡಾ ಡಿಸ್ಕುಗಳ ವಾರಂಟಿಯನ್ನು ಒಂದು ವರ್ಷಕ್ಕೆ ಇಳಿಸಿತು. 2012ರ ಜನವರಿಯಿಂದ ವೆಸ್ಟರ್ನ್ ಡಿಜಿಟಲ್ ತನ್ನ ಬ್ಲೂ ಮತ್ತು ಗ್ರೀನ್ ಡಿಸ್ಕುಗಳಿಗೆ ಮೂರರ ಬದಲು ಎರಡೇ ವರ್ಷ ಎಂದಿತು. ಈಗ ಸಾಮಾನ್ಯವಾಗಿ ಮನೆಯ ಕಂಪ್ಯೂಟರಿನ ಡಿಸ್ಕುಗಳಿಗೆ ಎರಡು ವರ್ಷ, ಸಿಸಿಟಿವಿ ಕ್ಯಾಮೆರಾಗಳಿಗೆಂದು ಬರುವ ಡಿಸ್ಕುಗಳಿಗೆ ಮೂರು, ಸರ್ವರ್ ಡಿಸ್ಕುಗಳಿಗೆ ಐದು ವರ್ಷ ಸಿಗುತ್ತದೆ. ಅದೇ ಹೆಸರಿನ ಡಿಸ್ಕಿಗೆ ಸ್ನೇಹಿತರಿಗೆ ಐದು ವರ್ಷ ಸಿಕ್ಕಿತ್ತು ಎಂಬ ಮಾತನ್ನು ನೆಚ್ಚಿಕೊಂಡು ಕೂರುವಂತಿಲ್ಲ. ಕಂಪನಿಗಳೇ ಕೈ ಬದಲಾಗುವುದೂ ಉಂಟು. ಸ್ಯಾಮ್‌ಸಂಗ್ ತನ್ನ ಹಾರ್ಡ್ ಡಿಸ್ಕ್ ವ್ಯವಹಾರವನ್ನು 2011ರಲ್ಲಿ ಸೀಗೇಟ್‌ಗೆ ಮಾರಿತು. ಹಿಟಾಚಿಯ ವ್ಯವಹಾರ 2012ರಲ್ಲಿ ವೆಸ್ಟರ್ನ್ ಡಿಜಿಟಲ್ ಪಾಲಾಯಿತು.

ಪರೀಕ್ಷೆಗೆ ಮೊದಲು ಬೇಕಾದದ್ದು ಸರಿಯಾದ ಸೀರಿಯಲ್ ನಂಬರು. ಕಂಪ್ಯೂಟರಿನ ಒಳಗೆ ಕೂರಿಸುವ ಮೂರೂವರೆ ಇಂಚಿನ ಡಿಸ್ಕು ಬೂದು ಬಣ್ಣದ, ಹೊಳೆಯುವ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತದೆ. ಚೀಲದಿಂದ ತೆಗೆದರೆ ಅಂಗೈಗಿಂತ ಸ್ವಲ್ಪ ದೊಡ್ಡದಾದ, ಕೈಗೆ ಭಾರ ಎನಿಸುವ ಲೋಹದ ಪೆಟ್ಟಿಗೆ. ಅದರ ಮೇಲ್ಮೈ ತುಂಬ ಅಂಟಿಸಿದ ಲೇಬಲ್. ಲೇಬಲ್ಲಿನಲ್ಲಿ ಸಾಮರ್ಥ್ಯ, ಮಾಡೆಲ್ ನಂಬರು, ತಯಾರಾದ ದೇಶ, ಒಂದೆರಡು ಬಾರ್‌ಕೋಡ್ ಇರುತ್ತವೆ. ಅವುಗಳ ನಡುವೆ ಇಂಗ್ಲಿಷಿನ ‘ಎಸ್/ಎನ್’ ಅಕ್ಷರಗಳ ಮುಂದೆ ಇರುವುದೇ ಸೀರಿಯಲ್ ನಂಬರು. ಪಕ್ಕದಲ್ಲೇ ‘ಪಿ/ಎನ್’ ಎಂದು ಇನ್ನೊಂದು ಇರುತ್ತದೆ, ಅದು ಪಾರ್ಟ್ ನಂಬರು. ಅವಸರದಲ್ಲಿ ಇದನ್ನು ಟೈಪ್ ಮಾಡಿ ‘ಇಂಥ ಡಿಸ್ಕೇ ಇಲ್ಲ’ ಎಂಬ ಉತ್ತರ ನೋಡಿ ಗಾಬರಿಯಾಗುವವರಿದ್ದಾರೆ. ಸೊನ್ನೆಯನ್ನು ‘ಓ’ ಎಂದು, ಒಂದನ್ನು ‘ಐ’ ಎಂದು ಓದಿದರೂ ಅದೇ ಉತ್ತರ ಬರುತ್ತದೆ. ಜೇಬಿನಲ್ಲಿ ಹಿಡಿಸುವ ಪೋರ್ಟಬಲ್ ಡಿಸ್ಕಿನಲ್ಲಿ ನಂಬರು ತಳಭಾಗದಲ್ಲಿ ಸಾಸಿವೆ ಗಾತ್ರದ ಅಕ್ಷರಗಳಲ್ಲಿರುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದುವುದು ಸಲೀಸು, ಮುಂದಕ್ಕೆ ಅದೇ ಒಂದು ದಾಖಲೆಯೂ ಆಗುತ್ತದೆ.

ಲೇಬಲ್ಲಿನ ನಂಬರೊಂದನ್ನೇ ನಂಬಬೇಕಿಲ್ಲ. ಡಿಸ್ಕಿನ ಒಳಗಿನ ಮೆದುಳಿನಲ್ಲೂ ಅದೇ ನಂಬರು ಬರೆದಿರುತ್ತದೆ. ವಿಂಡೋಸ್ ಕಂಪ್ಯೂಟರಿಗೆ ಡಿಸ್ಕನ್ನು ಜೋಡಿಸಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ತೆರೆದರೆ ಅದು ಕಾಣುತ್ತದೆ. ಒಳಗೆ ಕೂರಿಸುವ ಡಿಸ್ಕಿನ ಲೇಬಲ್, ಡಬ್ಬ ಮತ್ತು ತಂತ್ರಾಂಶ ಮೂರೂ ಒಂದೇ ನಂಬರು ಹೇಳಬೇಕು. ಲೇಬಲ್ಲಿನ ನಂಬರು ಒಂದು, ಒಳಗಿನದು ಇನ್ನೊಂದು ಎಂದಾದರೆ ಲೇಬಲ್ ಬದಲಾಗಿರುವ ಸಂಶಯ ಏಳುತ್ತದೆ, ಅಂಥ ಡಿಸ್ಕನ್ನು ಇಟ್ಟುಕೊಳ್ಳಬಾರದು.

ನಂಬರು, ಮಾಡೆಲ್ ಮತ್ತು ದೇಶದ ಹೆಸರು ಕೊಟ್ಟ ಮೇಲೆ ಬರುವ ಉತ್ತರವನ್ನು ಸರಿಯಾಗಿ ಅರ್ಥ ಮಾಡಿಕೊಳ್ಳುವುದೇ ಇಲ್ಲಿ ಮುಖ್ಯ ಕೆಲಸ. ವಾರಂಟಿ ಇದೆ ಎಂದು ಕೊನೆಯ ದಿನಾಂಕದೊಡನೆ ತೋರಿಸಿದರೆ ಒಳ್ಳೆಯದೇ. ಆದರೆ ಆ ದಿನಾಂಕ ಕೊಂಡ ದಿನದಿಂದ ಲೆಕ್ಕ ಹಾಕಿದ್ದಕ್ಕಿಂತ ಕೆಲವು ತಿಂಗಳು ಮೊದಲೇ ಇರಬಹುದು. ಗ್ರಾಹಕರು ಎಂದು ಕೊಂಡರು ಎಂಬುದು ಕಂಪನಿಗೆ ಗೊತ್ತಿಲ್ಲ, ಡಿಸ್ಕು ತನ್ನ ಕೈ ಬಿಟ್ಟ ದಿನ ಮಾತ್ರ ಗೊತ್ತು. ಬಿಲ್ಲು ತೋರಿಸಿದರೆ ಇಂಥ ವ್ಯತ್ಯಾಸ ಸರಿಹೋಗುತ್ತದೆ. ವ್ಯತ್ಯಾಸ ವರ್ಷವನ್ನೇ ಮೀರಿದ್ದರೆ ಡಿಸ್ಕು ಗೋದಾಮಿನಲ್ಲಿ ಬಹುಕಾಲ ಕೂತಿದೆ, ಇಲ್ಲವೇ ಬೇರೆಲ್ಲೋ ಬಳಕೆಯಾಗಿ ಬಂದಿದೆ.

ಎರಡನೆಯ ಬಗೆಯ ಉತ್ತರ: ‘ಈ ಡಿಸ್ಕನ್ನು ಕಂಪ್ಯೂಟರ್ ತಯಾರಕರಿಗೆ ಬಿಡಿಭಾಗವಾಗಿ ಮಾರಲಾಗಿದೆ, ಕೊಂಡ ಜಾಗವನ್ನೇ ಸಂಪರ್ಕಿಸಿ.’ ಇದರರ್ಥ ಡಿಸ್ಕಿನ ಹೊಣೆಯನ್ನು ಆ ಕಂಪ್ಯೂಟರ್ ಕಂಪನಿ ವಹಿಸಿಕೊಂಡಿತ್ತು. ಬಿಡಿಯಾಗಿ ಕೊಂಡವರಿಗೆ ಡಿಸ್ಕ್ ತಯಾರಕರಿಂದ ಏನೂ ಸಿಗುವುದಿಲ್ಲ. ಡಿಸ್ಕು ಅಸಲಿಯೇ, ಹೊಸದೂ ಇರಬಹುದು, ಆದರೆ ವಾರಂಟಿಯ ಮಟ್ಟಿಗೆ ಅನಾಥ. ಪೋರ್ಟಬಲ್ ಡಿಸ್ಕಿನ ಕವಚ ಒಡೆದು ಒಳಗಿನ ಡಿಸ್ಕನ್ನು ತೆಗೆದು ಬಿಡಿಯಾಗಿ ಮಾರಿದ್ದಕ್ಕೂ ಇಂಥದೇ ಗತಿ.

ಮೂರನೆಯದು ದೇಶದ ಪ್ರಶ್ನೆ. ಡಿಸ್ಕ್ ಕಂಪನಿಗಳು ವಾರಂಟಿಯನ್ನು ಮಾರಾಟದ ಪ್ರದೇಶಕ್ಕೆ ಕಟ್ಟಿಹಾಕಿರುತ್ತವೆ. ಅಮೆರಿಕದಲ್ಲಿರುವ ಮಗಳೋ ಅಳಿಯನೋ ಊರಿಗೆ ಬರುವಾಗ ಅಲ್ಲಿನ ರಿಯಾಯಿತಿ ಮಾರಾಟದಲ್ಲಿ ಕೊಂಡ ದೊಡ್ಡ ಡಿಸ್ಕನ್ನು ತರುವುದು ಕರ್ನಾಟಕದ ಎಷ್ಟೋ ಮನೆಗಳಲ್ಲಿ ನಡೆಯುತ್ತದೆ. ಮೈಸೂರಿನಲ್ಲೋ ಶಿವಮೊಗ್ಗದಲ್ಲೋ ಅದು ಕೆಟ್ಟರೆ ಇಲ್ಲಿನ ಸರ್ವಿಸ್ ಸೆಂಟರಿನವರು ತೆಗೆದುಕೊಳ್ಳದೇ ಇರಬಹುದು. ಅದನ್ನು ಮತ್ತೆ ಅಲ್ಲಿಗೇ ಕಳಿಸಬೇಕಾಗುತ್ತದೆ. ಉಡುಗೊರೆ ತರುವವರಿಗೆ ಮೊದಲೇ ಹೇಳಬೇಕಾದ ವಿಷಯ ಇದು. ಆನ್‌ಲೈನಿನಲ್ಲಿ ಇಲ್ಲಿಯೇ ಕೊಂಡ ಡಿಸ್ಕು ಪುಟದಲ್ಲಿ ಬೇರೆ ಪ್ರದೇಶದ್ದೆಂದು ತೋರಿದರೆ ಅದು ಹಿಂಬಾಗಿಲಿನಿಂದ ಬಂದ ಆಮದು ಎಂದೇ ತಿಳಿಯಬೇಕು.

ಇನ್ನು ಬಳಸಿದ ಡಿಸ್ಕನ್ನು ಹೊಸದೆಂದು ಮಾರುವ ಮೋಸ. 2025ರ ಆರಂಭದಲ್ಲಿ ಜರ್ಮನಿಯ ತಂತ್ರಜ್ಞಾನ ಪತ್ರಿಕಾ ಸಂಸ್ಥೆ ಹೈಸೆ ಇದನ್ನು ಬಯಲಿಗೆಳೆಯಿತು. ಸೀಗೇಟ್‌ನ ಎಕ್ಸೋಸ್ ಎಂಬ ಸರ್ವರ್ ಡಿಸ್ಕುಗಳನ್ನು ಹೊಸತೆಂದು ಕೊಂಡ ಗ್ರಾಹಕರ ಕೈಗೆ ಸಾವಿರಾರು ಗಂಟೆ ದುಡಿದ ಹಳೆಯ ಡಿಸ್ಕುಗಳು ಬಂದಿದ್ದವು. ಚೀನಾದಲ್ಲಿ ಚಿಯಾ ಎಂಬ ಡಿಜಿಟಲ್ ನಾಣ್ಯದ ಗಣಿಗಾರಿಕೆಗೆ ಬಳಸಿ ಬಿಟ್ಟ ಡಿಸ್ಕುಗಳು ಇವಿರಬಹುದೆಂಬ ಅನುಮಾನ ಮೂಡಿತು. 2021ರಲ್ಲಿ ಆ ನಾಣ್ಯದ ಭರಾಟೆ ಏರಿದಾಗ ಜನ ಹಾರ್ಡ್ ಡಿಸ್ಕುಗಳನ್ನು ರಾಶಿರಾಶಿಯಾಗಿ ಕೊಂಡಿದ್ದರು.

ಪ್ರತಿ ಡಿಸ್ಕೂ ತಾನು ಎಷ್ಟು ಗಂಟೆ ಚಾಲೂ ಇತ್ತು ಎಂಬ ಲೆಕ್ಕವನ್ನು ಸ್ಮಾರ್ಟ್ ಎಂಬ ಒಳದಾಖಲೆಯಲ್ಲಿ ಇಟ್ಟುಕೊಳ್ಳುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ‘ಪವರ್ ಆನ್ ಅವರ್ಸ್’ ಎಂದು ಕಾಣುವುದು ಅದೇ. ನಿನ್ನೆ ಬಂದ ಹೊಸ ಡಿಸ್ಕಿನಲ್ಲಿ ಅಲ್ಲಿ ಸೊನ್ನೆ ಇರಬೇಕು, ಹೆಚ್ಚೆಂದರೆ ಒಂದೆರಡು ಗಂಟೆ. ವರ್ಷಕ್ಕೆ 8,760 ಗಂಟೆ. ಆ ಅಂಕಿ ಕಂಡರೆ ಡಿಸ್ಕು ಎಲ್ಲೋ ಒಂದು ವರ್ಷ ಹಗಲೂ ರಾತ್ರಿ ತಿರುಗಿದೆ. ಆ ಜರ್ಮನ್ ಪ್ರಕರಣದಲ್ಲಿ ಮೋಸಗಾರರು ಈ ಲೆಕ್ಕವನ್ನೇ ಅಳಿಸಿ ಸೊನ್ನೆ ಮಾಡಿದ್ದರು. ಸಿಕ್ಕಿಬಿದ್ದದ್ದು ಸೀಗೇಟ್ ಡಿಸ್ಕುಗಳಲ್ಲಿರುವ ಫಾರ್ಮ್ ಎಂಬ ಇನ್ನೊಂದು ದಾಖಲೆಯಿಂದ. ಅದನ್ನು ಅವರು ಮುಟ್ಟಿರಲಿಲ್ಲ. ಸ್ಮಾರ್ಟ್‌ಮನ್‌ಟೂಲ್ಸ್ ಎಂಬ ಉಚಿತ ತಂತ್ರಾಂಶದ 7.4 ಮತ್ತು ನಂತರದ ಆವೃತ್ತಿಗಳಲ್ಲಿ ಆ ದಾಖಲೆಯನ್ನು ಓದಬಹುದು. ಸ್ಮಾರ್ಟ್ ಹೇಳುವ ಗಂಟೆಗೂ ಫಾರ್ಮ್ ಹೇಳುವ ಗಂಟೆಗೂ ಅಜಗಜಾಂತರ ಇದ್ದರೆ ಡಿಸ್ಕು ಹಳೆಯದು. ಕಂಪನಿಯೇ ಪರೀಕ್ಷಿಸಿ ಸರಿಮಾಡಿ, ಲೇಬಲ್ಲಿನ ಮೇಲೆ ‘ರೀಸರ್ಟಿಫೈಡ್’ ಎಂದು ಅಚ್ಚು ಹಾಕಿ ಕಡಿಮೆ ಬೆಲೆಗೆ, ಕಡಿಮೆ ಅವಧಿಯ ವಾರಂಟಿಯೊಡನೆ ಮಾರುವ ಡಿಸ್ಕುಗಳ ವಿಚಾರ ಬೇರೆ. ಅದು ನೇರ ವ್ಯವಹಾರ.

ಬಿಲ್ಲಿನ ಬಗ್ಗೆ ಒಂದು ಮಾತು. ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಕಂಪ್ಯೂಟರ್ ಅಂಗಡಿಯವರು ಬಿಲ್ಲಿನ ಮೇಲೆಯೇ ಸೀರಿಯಲ್ ನಂಬರು ಬರೆದುಕೊಡುವುದು ರೂಢಿ. ಆನ್‌ಲೈನ್ ಬಿಲ್ಲಿನಲ್ಲಿ ಅದು ಬಹುತೇಕ ಇರುವುದಿಲ್ಲ. ಮಾಡೆಲ್ ಹೆಸರು, ಬೆಲೆ, ಜಿಎಸ್‌ಟಿ, ಮಾರಿದವರ ಹೆಸರು, ಅಷ್ಟೇ. ಆದ್ದರಿಂದ ಡಬ್ಬ ಎಸೆಯುವ ಮುನ್ನ ಲೇಬಲ್ ಮತ್ತು ಬಿಲ್ಲನ್ನು ಅಕ್ಕಪಕ್ಕ ಇಟ್ಟು ಒಂದೇ ಫೋಟೋದಲ್ಲಿ ತೆಗೆದುಕೊಳ್ಳಬೇಕು. ಬಿಲ್ಲಿನ ಪಿಡಿಎಫ್ ಪ್ರತಿಯನ್ನೂ ಇಳಿಸಿಕೊಂಡು ಇಮೇಲಿಗೆ ಕಳಿಸಿಕೊಂಡರೆ ಆಯಿತು. ಅದೇ ಡಿಸ್ಕಿನಲ್ಲಿ ಬಿಲ್ಲನ್ನೂ ಇಟ್ಟವರಿಗೆ ಡಿಸ್ಕು ಕೆಟ್ಟಾಗ ಅದು ಸಿಗುವುದಿಲ್ಲ.

ವಾರಂಟಿ ಇದ್ದರೂ ಅದು ಕಾಯುವುದು ಡಿಸ್ಕನ್ನು ಮಾತ್ರ. ಕೆಟ್ಟ ಡಿಸ್ಕಿಗೆ ಬದಲಿ ಡಿಸ್ಕು ಬರುತ್ತದೆ. ಅದರಲ್ಲಿದ್ದ ಮದುವೆಯ ಫೋಟೋ, ತೀರಿಕೊಂಡ ಅಜ್ಜಿಯ ದನಿ, ಹತ್ತು ವರ್ಷದ ಲೆಕ್ಕಪತ್ರ ಬರುವುದಿಲ್ಲ. ಡೇಟಾ ನಷ್ಟಕ್ಕೆ ಹೊಣೆಯಲ್ಲ ಎಂದು ವಾರಂಟಿ ಪತ್ರದಲ್ಲಿ ಸ್ಪಷ್ಟವಾಗಿಯೇ ಬರೆದಿರುತ್ತದೆ. ಹೊರಗಿನವರಿಂದ ಡೇಟಾ ತೆಗೆಸಲು ಹೋದರೆ ಖರ್ಚು ಡಿಸ್ಕಿನ ಬೆಲೆಯ ಹಲವು ಪಟ್ಟಾಗಬಹುದು, ಅದಕ್ಕಾಗಿ ಡಿಸ್ಕನ್ನು ಬಿಚ್ಚಿದರೆ ವಾರಂಟಿಗೂ ಕುತ್ತು ಬರಬಹುದು. ಎರಡರಲ್ಲಿ ಯಾವುದು ಬೇಕೆಂದು ಮೊದಲೇ ತೀರ್ಮಾನಿಸಬೇಕಾಗುತ್ತದೆ. ಬೇರೆಡೆ ಇನ್ನೊಂದು ಪ್ರತಿ ಇಟ್ಟವರಿಗೆ ಈ ಸಂಕಟವೇ ಇಲ್ಲ.

ಬಿದ್ದು ನಗ್ಗಿದ ಡಿಸ್ಕು, ನೀರು ಸೋಕಿದ್ದು, ಕರೆಂಟಿನ ಏರಿಳಿತಕ್ಕೆ ಸುಟ್ಟದ್ದು, ಲೇಬಲ್ ಕಿತ್ತದ್ದು, ಮೊಹರು ಒಡೆದದ್ದು ಇವಕ್ಕೆ ವಾರಂಟಿ ನಡೆಯದು. ಸರಿಯಿರುವ ಡಿಸ್ಕನ್ನೂ ಸಡಿಲ ಡಬ್ಬದಲ್ಲಿ ಕೊರಿಯರ್ ಮಾಡಿದರೆ ದಾರಿಯ ಹೊಡೆತಕ್ಕೆ ನಗ್ಗಿ ತಿರಸ್ಕೃತವಾಗಬಹುದು. ಬದಲಿಯಾಗಿ ಬರುವುದು ಹೊಚ್ಚ ಹೊಸದೇ ಆಗಿರಬೇಕೆಂದಿಲ್ಲ, ರೀಸರ್ಟಿಫೈಡ್ ಡಿಸ್ಕು ಕೊಡಲು ಕಂಪನಿಗೆ ಅವಕಾಶವಿದೆ. ಅದರ ವಾರಂಟಿಯೂ ಸಾಮಾನ್ಯವಾಗಿ ಹಳೆಯದರ ಉಳಿದ ಅವಧಿಯಷ್ಟೇ. ಕೊಟ್ಟ ಡಿಸ್ಕು ಮರಳಿ ಬರುವುದಿಲ್ಲವಾದ್ದರಿಂದ ಅದಿನ್ನೂ ಓದಿಸಿಕೊಳ್ಳುತ್ತಿದ್ದರೆ ಬ್ಯಾಂಕಿನ ಕಾಗದ, ಆಧಾರ್ ಪ್ರತಿಗಳನ್ನೆಲ್ಲ ಪೂರ್ತಿ ಅಳಿಸಿಯೇ ಒಪ್ಪಿಸುವುದು ಕ್ಷೇಮ.

ವಾರಂಟಿ ಪುಟದ ಉತ್ತರವೂ ಮಾರಾಟದ ಪುಟದ ಮಾತೂ ತಾಳೆಯಾಗದಿದ್ದರೆ ಮಾಡಬೇಕಾದ ಮೊದಲ ಕೆಲಸ ಎರಡೂ ಪುಟಗಳ ಸ್ಕ್ರೀನ್‌ಶಾಟ್ ತೆಗೆದುಕೊಳ್ಳುವುದು; ಮಾರಾಟದ ಪುಟ ನಾಳೆ ಬದಲಾಗಬಹುದು. ನಂತರ ಗಡುವಿನೊಳಗೆ ರಿಟರ್ನ್ ಕೋರಿಕೆ. ಗ್ರಾಹಕ ಸಂರಕ್ಷಣೆ ಇ-ಕಾಮರ್ಸ್ ನಿಯಮಗಳು 2020ರ ಜುಲೈಯಿಂದ ಜಾರಿಯಲ್ಲಿವೆ. ಅವುಗಳ ಪ್ರಕಾರ ದೋಷವಿರುವ, ನಕಲಿಯಾದ ಅಥವಾ ಜಾಹೀರಾತಿನ ವಿವರಕ್ಕೆ ಹೊಂದದ ಸರಕನ್ನು ವಾಪಸ್ ತೆಗೆದುಕೊಳ್ಳಲು ಮಾರಾಟಗಾರ ನಿರಾಕರಿಸುವಂತಿಲ್ಲ. ಜಾಲತಾಣವು ಕುಂದುಕೊರತೆ ಅಧಿಕಾರಿಯನ್ನು ನೇಮಿಸಿರಬೇಕು. ದೂರು ಬಂದದ್ದನ್ನು ಆ ಅಧಿಕಾರಿ 48 ಗಂಟೆಯೊಳಗೆ ಖಚಿತಪಡಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು.

ಅಲ್ಲಿ ಕೆಲಸ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅದರ ಮುಂದಿನದು ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಬಂದ ಮೇಲೆ ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮಾರಿದವರ ಕಚೇರಿ ದೆಹಲಿಯಲ್ಲಿದ್ದರೂ ರಾಯಚೂರಿನವರು ರಾಯಚೂರಿನಲ್ಲೇ ಹೂಡಬಹುದು. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂಬ ನಿಯಮವೂ ಇಲ್ಲ. ಬಿಲ್ಲು, ಲೇಬಲ್ಲಿನ ಫೋಟೋ, ಎರಡು ಸ್ಕ್ರೀನ್‌ಶಾಟ್ ಮತ್ತು ಕುಂದುಕೊರತೆ ಅಧಿಕಾರಿಗೆ ಬರೆದ ಪತ್ರದ ಪ್ರತಿಯನ್ನು ದೂರಿನ ಜೊತೆ ಲಗತ್ತಿಸಬೇಕು. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಅದನ್ನು ಸಲ್ಲಿಸಬೇಕು.